ಅಂಡಮಾನಿನ ನೀಲ್ ದ್ವೀಪದಲ್ಲಿ ಸಮುದ್ರ ಹಿಂದೆ ಸರಿದಾಗ

ಕಲ್ಲಿನ ಸೇತುವೆ ನೋಡಲು ಬೆಳಿಗ್ಗೆ ಹತ್ತಕ್ಕೆ ಹೋದರೆ ಸಾಕು ಎಂದಿದ್ದರು ನಾವು ಉಳಿದುಕೊಂಡಿದ್ದ ಜಾಗದವರು. ನಂಬಿಕೊಂಡು ಹೋದೆವು. ಲಕ್ಷ್ಮಣಪುರದ ಎರಡನೇ ಬೀಚಿನ ಮೆಟ್ಟಿಲಿಳಿದು ನೋಡಿದರೆ ನಡೆಯುವ ದಾರಿಯೇ ನೀರಲ್ಲಿ! ಎಳನೀರು ಅಂಗಡಿಯ ನೆರಳಲ್ಲಿ ಕೂತಿದ್ದ ಗೈಡ್ ನಕ್ಕುಬಿಟ್ಟ. "ನಿನ್ನೆ ಹುಣ್ಣಿಮೆ ಅಲ್ವಾ ದಾದಾ? ಮೂರು ಗಂಟೆಗೆ ಬನ್ನಿ" ಎಂದ, ಬಂಗಾಳಿ ಬೆರೆತ ಹಿಂದಿಯಲ್ಲಿ.

ನನಗೆ ನಾಚಿಕೆಯಾಯಿತು. ಹೊನ್ನಾವರದಲ್ಲಿ ಬೆಳೆದವನು ನಾನು. ಹುಣ್ಣಿಮೆ, ಅಮಾವಾಸ್ಯೆಗೆ ಭರತ, ಅಂದರೆ ಉಬ್ಬರ, ಜಾಸ್ತಿ, ಇಳಿತವೂ ಜಾಸ್ತಿ ಅಂತ ಗೊತ್ತಿರಬೇಕಿತ್ತು. ಇಲ್ಲಿ ಪಕ್ಕದ ಊರಿನ ಹೆಸರು ಭರತಪುರ ಬೇರೆ! ಅದು ರಾಮನ ತಮ್ಮನ ಹೆಸರು ಬಿಡಿ. ಇಲ್ಲಿ ಸೀತಾಪುರ, ರಾಮನಗರ ಎಲ್ಲವೂ ಇವೆ. ದ್ವೀಪಕ್ಕೆ ಮಾತ್ರ 1857ರ ದಂಗೆಯನ್ನು ಹತ್ತಿಕ್ಕಿದ ಬ್ರಿಟಿಷ್ ಸೇನಾಧಿಕಾರಿ ನೀಲ್‌ನ ಹೆಸರಿತ್ತು. 2018ರ ಡಿಸೆಂಬರ್‌ನಲ್ಲಿ ಅದನ್ನು ಶಹೀದ್ ದ್ವೀಪ ಎಂದು ಬದಲಾಯಿಸಿದರು. ಆಟೋದವರ ಬಾಯಲ್ಲಿ ಇನ್ನೂ ನೀಲ್ ಅಂತಲೇ ಇದೆ.

ಮೂರಕ್ಕೆ ಮತ್ತೆ ಹೋದರೆ ಬೆಳಗಿನ ಸಮುದ್ರ ಅಲ್ಲಿರಲಿಲ್ಲ. ಕಣ್ಣಿಗೆ ಬಿದ್ದಷ್ಟು ದೂರ ಕಂದುಬಣ್ಣದ ಕಲ್ಲು, ನಡುನಡುವೆ ನೀರು ನಿಂತ ಗುಂಡಿಗಳು. ಕಲ್ಲು ಎಂದೆನಲ್ಲ, ಅದೆಲ್ಲ ಸತ್ತ ಹವಳ. ಚೂರಿಯ ಹಾಗೆ ಹರಿತ. ಪಟ್ಟಿ ಇರುವ ಚಪ್ಪಲಿ ಹಾಕಿಕೊಳ್ಳಿ ಎಂದು ಗೈಡ್ ಬೆಳಿಗ್ಗೆಯೇ ಹೇಳಿದ್ದ. ನಾನು ಹವಾಯಿ ಚಪ್ಪಲಿಯಲ್ಲೇ ಬಂದಿದ್ದೆ. ಹತ್ತು ಹೆಜ್ಜೆಗೆ ಒಂದು ಚಪ್ಪಲಿಯ ಉಂಗುಷ್ಟ ಕಿತ್ತುಬಂತು, ಕಾಲು ಜಾರಿ ಮೊಣಕಾಲು ತರಚಿತು. "ಪಾಚಿ ಇರೋ ಕಡೆ ಬೇಡ, ಜೀವ ಇರೋದರ ಮೇಲಂತೂ ಬೇಡವೇ ಬೇಡ. ನಾನು ಕಾಲಿಟ್ಟಲ್ಲೇ ಇಡಿ" ಎಂದ. ಆಮೇಲೆ ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದಕ್ಕೆ ಹೆಂಡತಿಯ ಟವೆಲ್ಲು ಸುತ್ತಿಕೊಂಡು ನಡೆದೆ.

ಒಂದು ಗುಂಡಿಯ ಹತ್ತಿರ ಕೂರಿಸಿದ. ಹವಳದ ಸಂದಿಯಲ್ಲಿ ನೀಲಿ ತುಟಿ! ನೇರಳೆ, ಹಸಿರು ಚುಕ್ಕೆಗಳ ಅಂಕುಡೊಂಕು ತುಟಿ. ದೈತ್ಯ ಕಪ್ಪೆಚಿಪ್ಪಿನ ಜಾತಿ. ಇದು ಮರಿ, ಅಂಗೈಯಷ್ಟಗಲ. ಗೈಡ್ ಮುಟ್ಟಲಿಲ್ಲ, ಸುಮ್ನೆ ಕೈ ಅಡ್ಡ ಹಿಡಿದ. ನೆರಳು ಬಿದ್ದದ್ದೇ ತುಟಿ ಒಳಕ್ಕೆ ಸರಿಯಿತು. ಆ ಬಣ್ಣದ ಮಾಂಸದೊಳಗೆ ಸಣ್ಣ ಪಾಚಿಗಳು ವಾಸವಾಗಿರುತ್ತವೆ. ಬಿಸಿಲಲ್ಲಿ ಅವು ಅಡುಗೆ ಮಾಡುತ್ತವೆ, ಮನೆಯವರಿಗೂ ಪಾಲು ಕೊಡುತ್ತವೆ. ನಮ್ಮೂರಲ್ಲಿ ಕಪ್ಪೆಚಿಪ್ಪು ಎಂದರೆ ತೆಂಗಿನಕಾಯಿ ಹಾಕಿದ ಸುಕ್ಕ. ಮೊದಲು ನನ್ನ ತಲೆಗೆ ಹೊಳೆದದ್ದೂ ಅದೇ, ಸುಳ್ಳೇಕೆ.

ಸ್ವಲ್ಪ ಮುಂದೆ ಮರಳಿನ ಮೇಲೆ ಕಪ್ಪಗೆ ಬಿದ್ದಿತ್ತು ಸಮುದ್ರ ಸೌತೆ. ಹೆಸರಿಗೆ ಸೌತೆ, ನೋಡಿದರೆ ಹಳೇ ಸೈಕಲ್ ಟ್ಯೂಬಿನ ತುಂಡು. ಮರಳು ನುಂಗಿ, ಅದರಲ್ಲಿದ್ದ ಕಸವನ್ನು ಉಂಡು, ಮರಳನ್ನು ಹಿಂದಿನಿಂದ ಬಿಡುವುದೇ ಅದರ ದಿನಚರಿ. ಹೊರದೇಶಗಳಲ್ಲಿ ಇದಕ್ಕೆ ಭಾರಿ ಬೆಲೆ, ಹಾಗಾಗಿ ಕಳ್ಳಸಾಗಣೆಯೂ ಇದೆ. ನಮ್ಮ ಕಾನೂನಿನಲ್ಲಿ ಹಿಡಿಯುವಂತಿಲ್ಲ.

ಅಷ್ಟರಲ್ಲಿ ಮಗಳು ಬಿಳಿ ಶಂಖವೊಂದನ್ನು ಜೇಬಿಗಿಳಿಸಿದ್ದಳು. ಗೈಡ್ ಕೈಚಾಚಿ ಇಸಿದುಕೊಂಡು ಅಂಗೈ ಮೇಲೆ ಮಗುಚಿಟ್ಟ. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಕೆಂಪು ಕಾಲೊಂದು ಹೊರಬಂತು, ಇನ್ನೊಂದು, ಆಮೇಲೆ ಕಡ್ಡಿಯ ತುದಿಗಿಟ್ಟಂಥ ಎರಡು ಕಣ್ಣು. ಸನ್ಯಾಸಿ ಏಡಿ. ಖಾಲಿ ಶಂಖ ಸಿಕ್ಕರೆ ಅದೇ ಅದರ ಬಾಡಿಗೆ ಮನೆ. ಮಗಳು ತಾನೇ ಕೆಳಗೆ ಬಿಟ್ಟಳು.

ನೋಡಲೆಂದು ಬಂದಿದ್ದ ಕಲ್ಲಿನ ಸೇತುವೆ ಕೊನೆಗೆ ಸಿಕ್ಕಿತು. ಅಲೆ ಕೊರೆದ ಕಮಾನು, ಮೇಲೆ ಗಿಡಗಂಟಿ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ಇಲ್ಲಿ ನೆಲೆ ನಿಂತವರು ಅದಕ್ಕೆ ಹೌರಾ ಬ್ರಿಡ್ಜ್ ಎಂದು ಹೆಸರಿಟ್ಟಿದ್ದಾರೆ. ಗೈಡ್‌ನ ಅಜ್ಜ ಅವರಲ್ಲೊಬ್ಬರಂತೆ. ಕಮಾನಿನ ಕೆಳಗೆ ಫೋಟೋಕ್ಕೆ ಸಾಲು ನಿಂತಿತ್ತು. ನಾವೂ ಒಂದು ತೆಗೆಸಿಕೊಂಡೆವು, ಅಷ್ಟೇ.

ಅಂಡಮಾನಿನಲ್ಲಿ ಬೇಗ ಕತ್ತಲು. ಐದು ದಾಟುತ್ತಲೇ ಬಿಸಿಲು ಕೆಂಪಾಯಿತು, ಗುಂಡಿಗಳಲ್ಲಿ ನೀರು ಸಣ್ಣಗೆ ಅಲುಗಾಡತೊಡಗಿತು. "ಹೊರಡೋಣ, ವಾಪಸ್ ಬರ್ತಿದೆ" ಎಂದ ಗೈಡ್. ಮೆಟ್ಟಿಲ ಬಳಿ ದುಡ್ಡು ಕೊಡುವಾಗ ಅವನು ತನ್ನ ಚೀಲದಿಂದ ಏನೋ ತೆಗೆದ. ಹಿಂದೆಲ್ಲೋ ನಾನು ಬಿಟ್ಟು ಬಂದಿದ್ದ ಚಪ್ಪಲಿ.

"ಇದರೊಳಗೆ ಯಾರೂ ಮನೆ ಮಾಡಲ್ಲ ದಾದಾ, ತಗೊಂಡು ಹೋಗಿ."