ಸಫೇದ್‌ನಲ್ಲಿ ದಿಬ್ಬುಕ್‌ನ ಜಾಡು ಹಿಡಿದು

ಇಸ್ರೇಲಿನ ಹೈಫಾದಲ್ಲಿ ಬಸ್ ಹತ್ತಿದರೆ ಗಲಿಲೀ ಬೆಟ್ಟಗಳನ್ನು ಸುತ್ತಿ ಸುತ್ತಿ ಸಫೇದ್‌ಗೆ ತಂದು ಇಳಿಸುತ್ತದೆ. ಸುಮಾರು 900 ಮೀಟರ್ ಎತ್ತರದ ಊರು, ಗಾಳಿ ತಣ್ಣಗಿತ್ತು. ಜನ ಇಲ್ಲಿಗೆ ಚಿತ್ರಕಲೆಯ ಅಂಗಡಿ, ಯಹೂದಿಗಳ ಹಳೆಯ ಪ್ರಾರ್ಥನಾ ಮಂದಿರಗಳಾದ ಸಿನಗಾಗ್ ನೋಡಲು ಬರುತ್ತಾರೆ. ನಾನು ಬಂದದ್ದು ದಿಬ್ಬುಕ್‌ಗಾಗಿ. ಯಹೂದಿಗಳ ನಂಬಿಕೆಯಲ್ಲಿ ಬದುಕಿರುವವರ ಮೈಯನ್ನು ಹೊಕ್ಕುವ ಸತ್ತವರ ಆತ್ಮ ಅದು.

ಊರ ಕೆಳಗಿನ ಇಳಿಜಾರಿನ ಸ್ಮಶಾನದಲ್ಲಿ ಯಹೂದಿ ಅನುಭಾವಿ ಗುರು ಐಸಾಕ್ ಲೂರಿಯಾ ಅವರ ಸಮಾಧಿ ಇದೆ. ಆಕಾಶದ ಬಣ್ಣ ಬಳಿದಿದ್ದಾರೆ, ಸುತ್ತ ಮೇಣದ ಬತ್ತಿ ಕರಗಿ ಗಟ್ಟಿಯಾಗಿತ್ತು. 1570ರಲ್ಲಿ ಈಜಿಪ್ಟಿನಿಂದ ಬಂದವರು 1572ರಲ್ಲೇ ಪ್ಲೇಗ್ ತಗುಲಿ ತೀರಿಕೊಂಡರು. ಅಷ್ಟರಲ್ಲೇ ಆತ್ಮ ಬಿಡಿಸುವ ಪದ್ಧತಿಗೆ ಒಂದು ರೂಪ ಕೊಟ್ಟುಬಿಟ್ಟಿದ್ದರು.

ಅವರ ಶಿಷ್ಯ ಹಯಿಮ್ ವಿಟಾಲ್ ಬರೆದಿಟ್ಟ ಒಂದು ಘಟನೆ ನನ್ನನ್ನು ಹಿಡಿದಿಟ್ಟಿತು. ಇದೇ ಊರಿನ ಒಬ್ಬ ವಿಧವೆಯ ಮೈಮೇಲೆ ಆತ್ಮ ಬಂದಿತ್ತು. ಗುರುಗಳು ಕಳಿಸಿದ ವಿಟಾಲ್ ಒಳಗೆ ಬರುತ್ತಿದ್ದಂತೆ ಆಕೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳಂತೆ. ನೀನು ಯಾರು, ಏನು ಪಾಪ ಮಾಡಿದ್ದೆ ಅಂತ ಕೇಳಿ ಬಾಯಿ ಬಿಡಿಸಿದರು. ಕೊನೆಗೆ ಎಡಗಾಲಿನ ಕಿರುಬೆರಳಿನಿಂದಲೇ ಹೊರಗೆ ಹೋಗು ಎಂದು ಆಜ್ಞೆ ಮಾಡಿದರು, ಯಾಕೆಂದರೆ ಬೇರೆ ಕಡೆಯಿಂದ ಹೋದರೆ ಆ ಅಂಗಕ್ಕೇ ಪೆಟ್ಟು ಎಂಬ ನಂಬಿಕೆ. ಆಮೇಲೆ ಮನೆಯ ಬಾಗಿಲು ನೋಡಿದರೆ, ಮನೆ ಕಾಯುತ್ತದೆಂದು ಯಹೂದಿಗಳು ಬಾಗಿಲ ಕಂಬಕ್ಕೆ ಹೊಡೆಯುವ ಮೆಜುಜಾ ಇರಲೇ ಇಲ್ಲ.

ದೆವ್ವ ಅಂದರೆ ಓಡಿಸಬೇಕಾದ ಶತ್ರು ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಇಲ್ಲಿ ಹಾಗಲ್ಲ. ದೊಡ್ಡ ಪಾಪ ಮಾಡಿದ ಆತ್ಮಕ್ಕೆ ನರಕದಲ್ಲೂ ಜಾಗ ಸಿಗುವುದಿಲ್ಲ. ಹಿಂದೆ ಬಿದ್ದು ಹೊಡೆಯುವ ದೂತರಿಂದ ತಪ್ಪಿಸಿಕೊಳ್ಳಲು ಅದು ಕಲ್ಲು, ಪ್ರಾಣಿ, ಮನುಷ್ಯ ಅಂತ ಸಿಕ್ಕಿದ್ದರಲ್ಲಿ ಅಡಗುತ್ತದೆ. ಅದಕ್ಕೇ ಹತ್ತು ಜನ ಗಂಡಸರು ಸೇರಿ ಬೈಬಲ್‌ನ 91ನೇ ಕೀರ್ತನೆ ಹೇಳುವುದು, ಶೋಫಾರ್ ಎಂಬ ಕೊಂಬು ಊದುವುದು, ಬಹಿಷ್ಕಾರದ ಬೆದರಿಕೆ ಹಾಕುವುದು ಎಲ್ಲ ನಡೆದ ಮೇಲೆ ಆ ಆತ್ಮದ ಬಿಡುಗಡೆಗೂ ಪ್ರಾರ್ಥನೆ ಮಾಡುತ್ತಾರೆ. ಹೆಂಗಸಿಗೂ ಬಿಡುಗಡೆ, ಒಳಗಿದ್ದವನಿಗೂ ಬಿಡುಗಡೆ. ಇದು ನನಗೆ ತುಂಬಾ ಹಿಡಿಸಿತು. ಪಾಪಿಯನ್ನೂ ಕೈಬಿಡದ ಪದ್ಧತಿ.

ಗಲ್ಲಿಯ ಒಂದು ಅಂಗಡಿಯವನು ಟಗರಿನ ಕೊಂಬಿನ ಶೋಫಾರ್ ತೆಗೆದು ಊದಿ ತೋರಿಸಿದ. ಒರಟು ದನಿ, ಪುಟ್ಟ ಅಂಗಡಿಯಲ್ಲಿ ಎದೆಗೇ ಬಡಿಯಿತು. ಅವನ ಬಾಗಿಲಿನ ಬಲಗಂಬದಲ್ಲೂ ಓರೆಯಾಗಿ ಮೆಜುಜಾ ಹೊಡೆದಿತ್ತು. ಒಳಗೆ ಚರ್ಮದ ಸುರುಳಿಯಲ್ಲಿ ಯಹೂದಿಗಳ ಧರ್ಮಗ್ರಂಥ ತೋರಾದ ವಾಕ್ಯಗಳು ಕೈಬರಹದಲ್ಲಿರುತ್ತವೆ.

ಲೂರಿಯಾ ಮುಳುಗುತ್ತಿದ್ದ ಚಿಲುಮೆಯ ಸ್ನಾನದ ಕೊಳಕ್ಕೆ ಗಂಡಸರಿಗೆ ಮಾತ್ರ ಪ್ರವೇಶ, ನೀರು ಕೊರೆಯುತ್ತದೆ. ಹೋಗುವವರು ಶುಕ್ರವಾರ ಮಧ್ಯಾಹ್ನದೊಳಗೆ ಊರು ಸೇರಿ. ಯಹೂದಿಗಳ ವಾರದ ವಿಶ್ರಾಂತಿ ದಿನ ಶಬ್ಬಾತ್ ಶುರುವಾದರೆ ಶನಿವಾರ ಸಂಜೆಯವರೆಗೆ ಬಸ್ ಸಿಗುವುದಿಲ್ಲ.