ಗೌರಿ ಎಲ್ಲಿಗೆ ಹೋಯಿತು

ಆರು ವರ್ಷದ ಮಗಳು ಬೇಲಿಗೆ ಆತುಕೊಂಡು "ಈ ಹಸು ಹೆಸರೇನು?" ಅಂತ ಕೇಳಿದಳು. ರೇಂಜರಮ್ಮ ಅದರ ಕಿವಿಗೆ ಚುಚ್ಚಿದ್ದ ಬಿಲ್ಲೆ ನೋಡಿ ನಂಬರು ಓದಿದರು. ಅಷ್ಟಕ್ಕೆ ಬಿಡುವ ಮಗುವಲ್ಲ ನಮ್ಮದು. ಹೆಸರು ಯಾಕಿಟ್ಟಿಲ್ಲ ಅಂದಳು. ಮಾರುವ ದನಕ್ಕೆ ಹೆಸರಿಡಲ್ಲ ಪುಟ್ಟಿ, ಇಟ್ಟರೆ ಕಳಿಸೋದು ಕಷ್ಟ ಅಂದರು ಆಕೆ, ತೀರಾ ಸಹಜವಾಗಿ.

ಇದು ನಡೆದದ್ದು ಅಮೆರಿಕದ ಮಾಂಟಾನಾ ರಾಜ್ಯದ ಡೀರ್ ಲಾಡ್ಜ್‌ನಲ್ಲಿ, ಗ್ರಾಂಟ್-ಕೋರ್ಸ್ ಎಂಬ ದನ ಸಾಕುವ ರಾಂಚಿನಲ್ಲಿ. 1972ರಲ್ಲಿ ಸರ್ಕಾರ ಇದನ್ನು ಚಾರಿತ್ರಿಕ ತಾಣ ಮಾಡಿತು. ಹಾಗಂತ ಮ್ಯೂಸಿಯಂ ನೋಡೋಣ ಅಂತ ಬಿಳಿ ಶೂ ಹಾಕಿಕೊಂಡು ಹೋದರೆ ಸಗಣಿ ಮೆತ್ತಿಕೊಂಡು ಬರುತ್ತೀರಿ. ಸುಮಾರು 1,600 ಎಕರೆಯಲ್ಲಿ ಈಗಲೂ ದನ ಮೇಯುತ್ತವೆ, ಕರು ಹಾಕುತ್ತವೆ, ಮಾರಾಟವಾಗುತ್ತವೆ. ಕಮ್ಮಾರನ ಕುಲುಮೆಯೂ ಉರಿಯುತ್ತದೆ. ಅಡುಗೆ ಬಂಡಿ ಪಕ್ಕದಲ್ಲಿ ಕುದಿಸಿ ಕೊಟ್ಟ ಕಾಫಿಯ ವಿಷಯ ಬಿಡಿ, ಚರಟವನ್ನೂ ಅಗಿಯಬೇಕಾಯಿತು.

ಕಾನ್ರಾಡ್ ಕೋರ್ಸ್ ಚಿನ್ನದ ಗಣಿಯವರಿಗೆ ಮಾಂಸ ಮಾರುತ್ತಿದ್ದವನು. 1866ರಲ್ಲಿ ಜಾನಿ ಗ್ರಾಂಟ್‌ನಿಂದ 19,200 ಡಾಲರಿಗೆ ಈ ಜಾಗ ಕೊಂಡ. ಆಮೇಲೆ ಅವನ ದನ ಮೇಯ್ದದ್ದು ನಾಲ್ಕು ರಾಜ್ಯ ಮತ್ತು ಕೆನಡಾ ಸೇರಿ ಒಂದು ಕೋಟಿ ಎಕರೆಯಲ್ಲಂತೆ. ರೈಲಿಗೆ ತುಂಬಿ ಷಿಕಾಗೋಗೆ ಕಳಿಸುತ್ತಿದ್ದ. ಬೇಲಿಯಿಲ್ಲದ ಬಯಲು, ಪುಕ್ಕಟೆ ಹುಲ್ಲು. ಮೇವು ಕೂಡಿಡುವ ಯೋಚನೆ ಹೆಚ್ಚಿನವರಿಗೆ ಇರಲಿಲ್ಲ. 1886-87ರ ಚಳಿಗಾಲದಲ್ಲಿ ಹಿಮ ಗಟ್ಟಿಯಾಗಿ ಹುಲ್ಲಿಗೆ ಬಾಯಿ ಎಟುಕದೆ ಈ ಸೀಮೆಯ ದನ ನಿಂತಲ್ಲೇ ಸತ್ತವು. ಒಣಹುಲ್ಲು ಕೊಯ್ದು ಪೇರಿಸುವ ರೂಢಿ ಬಲವಾದದ್ದು ಅದಾದ ಮೇಲೆ. ಇದನ್ನು ಕೇಳಿ ನನಗೆ ಒಳಗೊಳಗೇ ಜಂಬ. ಅಜ್ಜಂಪುರದ ಕಡೆ ಎರಡು ಎಕರೆಯವನೂ ಮೊದಲು ಬಣವೆ ಒಟ್ಟಿ ಆಮೇಲೆ ಮನೆಗೆ ಸುಣ್ಣ ಬಳಿಯುತ್ತಾನೆ. ಆದರೆ ಅಮೃತ್ ಮಹಲ್ ದನ ಮೇಯಲೆಂದು ಬಿಟ್ಟಿದ್ದ ಕಾವಲುಗಳು ಎಷ್ಟು ಉಳಿದಿವೆ ಅಂತ ಹೆಂಡತಿ ಕೇಳಿದಾಗ ಜಂಬ ಇಳಿಯಿತು. ಚಳ್ಳಕೆರೆ ಕಡೆಯ ಕಾವಲಿನಲ್ಲಿ ಈಗ ಕಾಂಪೌಂಡು ಗೋಡೆಗಳಿವೆ.

ವಾಪಸ್ ಬರುವಾಗ ಕಾರಿನ ಹಿಂದಿನ ಸೀಟಿನಿಂದ ಸದ್ದಿಲ್ಲ. ಮಲಗಿದಳು ಅಂದುಕೊಂಡೆ.

"ಅಪ್ಪಾ, ಗೌರಿಗೆ ಹೆಸರಿತ್ತಲ್ಲ. ಹಾಗಾದ್ರೆ ಮಾರಿಲ್ಲ ಅಲ್ವಾ? ಎಲ್ಲಿದೆ ಈಗ?"

ಗೌರಿ ಗೊತ್ತಿರುವುದು ಅವಳಿಗೆ ಅಜ್ಜಿ ಫೋನಿನಲ್ಲಿ ಹೇಳುವ ಕಥೆಗಳಿಂದ. ಅಮೃತ್ ಮಹಲ್ ತಳಿ ಅಂತ ಅಪ್ಪ ಹೇಳಿಕೊಳ್ಳುತ್ತಿದ್ದರು. ಕೊಂಬೇನೋ ಹಾಗೇ ಇದ್ದವು, ಹಾಲು ಮಾತ್ರ ಕಾಫಿಗೆ ಸಾಲುವಷ್ಟು. ಉಗಾದಿಗೆ ನಮಗಿಂತ ಮೊದಲು ಅದಕ್ಕೆ ಹೋಳಿಗೆ. ಅದು ಗೊಡ್ಡಾದ ವರ್ಷ ನನ್ನ ಕಾಲೇಜು ಫೀಸು ಬಾಕಿಯಿತ್ತು. ಸಂತೆಯಲ್ಲಿ ಅಪ್ಪ ಮತ್ತು ದಲ್ಲಾಳಿ ಟವೆಲಿನ ಅಡಿ ಬೆರಳು ಹಿಡಿದು ವ್ಯಾಪಾರ ಮಾಡಿದರು. ಯಾರು ಕೊಂಡರು ಗೊತ್ತು, ಎಲ್ಲಿಗೆ ಹೋಯಿತು ಅಂತ ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಕೇಳಲಿಲ್ಲ. ಊಟಕ್ಕೆ ಕೂತಾಗಲೂ.

ಆ ರೇಂಜರಮ್ಮ ಒಂದೇ ಮಾತಿನಲ್ಲಿ ಹೇಳಿದ್ದನ್ನು ಹೇಳಲಿಕ್ಕೆ ನನ್ನ ಬಾಯಿ ಬರಲಿಲ್ಲ. "ಅಜ್ಜೀನ ಕೇಳು" ಅಂದೆ.

ಭಾನುವಾರ ಕೇಳಿಯೇಬಿಟ್ಟಳು. ಸ್ಪೀಕರಿನಲ್ಲಿ ಅವ್ವನ ಉಸಿರು ಮಾತ್ರ ಸ್ವಲ್ಪ ಹೊತ್ತು.

"ನಿಮ್ಮಪ್ಪನ್ನೇ ಕೇಳವ್ವಾ," ಅಂದರು. "ಆವತ್ತು ಹಗ್ಗ ಹಿಡ್ಕಂಡು ಹೋದೋನೂ ಅವನೇ, ಬರೀ ಹಗ್ಗ ಹಿಡ್ಕಂಡು ಮನೆಗೆ ಬಂದೋನೂ ಅವನೇ."