ನಮ್ಮ ಲ್ಯಾಬಿನೊಳಗೊಂದು ಡೆಬಿಯನ್ ಮಿರರ್

ಸೆಮಿಸ್ಟರ್ ಶುರುವಾಗುವಾಗ ಕಲಬುರಗಿಯ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಎಲ್ಲ ಯಂತ್ರಗಳಿಗೂ ಒಟ್ಟಿಗೇ ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಹಾಕಬೇಕು. ಜೊತೆಗೆ ಜಿಸಿಸಿ ಕಂಪೈಲರ್, ಪೈಥಾನ್, ಲಿಬ್ರೆಆಫೀಸ್‌ನಂಥ ಪ್ಯಾಕೇಜುಗಳು, ಅಂದರೆ ಸಾಫ್ಟ್‌ವೇರ್ ಕಟ್ಟುಗಳು. ಅವೇ ಪ್ಯಾಕೇಜುಗಳು ಒಂದೇ ಇಂಟರ್ನೆಟ್ ಲೈನಿನಲ್ಲಿ ಯಂತ್ರಕ್ಕೊಂದು ಸಲ ಇಳಿಯುವುದನ್ನು ನೋಡಲಾರದೆ ಲ್ಯಾಬಿನೊಳಗೇ ಮಿರರ್, ಅಂದರೆ ಡೆಬಿಯನ್‌ನ ಪ್ಯಾಕೇಜು ಭಂಡಾರದ ನಕಲು ಇರುವ ಸರ್ವರ್, ಇಟ್ಟೆ. ನಮ್ಮಲ್ಲಿರುವುದೆಲ್ಲ ಎಎಂಡಿ64 (64-ಬಿಟ್ ಇಂಟೆಲ್, ಎಎಂಡಿ ಪ್ರೊಸೆಸರಿನ) ಯಂತ್ರಗಳು, ಹಾಗಾಗಿ ಬೇರೆ ಬಗೆಯ ಪ್ರೊಸೆಸರುಗಳ ಪ್ಯಾಕೇಜುಗಳನ್ನು ತರಿಸುವುದಿಲ್ಲ.

ಫೈಲುಗಳನ್ನು ನಕಲಿಸುವ ಆರ್‌ಸಿಂಕ್‌ನ ಒಂದು ಸಾಲು ಬರೆದು, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ಗೆ ಹಾಕಿದರೆ ಸಾಲದೇ ಎಂದು ಅನೇಕರು ಕೇಳುತ್ತಾರೆ. ಸಾಲದು. ಡೆಬಿಯನ್‌ನವರೇ ಕೊಡುವ ಎಫ್‌ಟಿಪಿಸಿಂಕ್ ಎಂಬ ಸ್ಕ್ರಿಪ್ಟ್ ಬಳಸಿ. ಅದು ಮೊದಲು 'ಪೂಲ್' ಫೋಲ್ಡರಿಗೆ ಹೊಸ ಪ್ಯಾಕೇಜುಗಳನ್ನು ತರುತ್ತದೆ. ಅವೆಲ್ಲ ಬಂದ ಮೇಲೆಯೇ 'ಡಿಸ್ಟ್ಸ್' ಫೋಲ್ಡರಿನ ಪ್ಯಾಕೇಜು ಪಟ್ಟಿಗಳನ್ನು ಬದಲಿಸಿ, ಹಳೆಯದನ್ನು ಅಳಿಸುತ್ತದೆ. ಪಟ್ಟಿ ಮೊದಲು ಬಂದು, ನಡುವೆ ಕರೆಂಟ್ ಹೋಯಿತೆನ್ನಿ. ನಮ್ಮ ಬೇಸಿಗೆಯಲ್ಲಿ ಅದೇನು ಹೊಸದಲ್ಲ. ಪಟ್ಟಿಯಲ್ಲಿ ಹೆಸರಿದೆ, ಫೈಲ್ ಇಲ್ಲ. ಪ್ಯಾಕೇಜು ಇನ್‌ಸ್ಟಾಲ್ ಮಾಡುವ ಆಪ್ಟ್, 404 (ಫೈಲ್ ಸಿಗಲಿಲ್ಲ) ಎಂದು ತೋರಿಸಿ ನಿಲ್ಲುತ್ತದೆ. ರೊಟ್ಟಿ ಬಡಿಯುವ ಮೊದಲೇ ಪಂಕ್ತಿ ಕೂರಿಸಿದ ಹಾಗೆ.

ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ನನಗೆ ತುಂಬ ಇಷ್ಟವಾಯಿತು: "ಸರ್, ಈ ಸರ್ವರ್ ನಿಮ್ಮ ಕೈಯಾಗ ಅದ. ನೀವು ಇದರಾಗ ಏನರೆ ಸೇರಿಸಿದ್ರ ನಮಗ ಹ್ಯಾಂಗ ತಿಳೀತದ್ರಿ?"

ಕೇಳಲೇಬೇಕಾದ ಪ್ರಶ್ನೆ ಅದು. ಮಿರರ್‌ನಲ್ಲಿರುವ 'ಇನ್‌ರಿಲೀಸ್' ಫೈಲಿಗೆ ಡೆಬಿಯನ್‌ನ ಕೀಲಿಯಿಂದ ಡಿಜಿಟಲ್ ಸಹಿಯಾಗಿರುತ್ತದೆ. ಅದರೊಳಗೆ ಪ್ಯಾಕೇಜು ಪಟ್ಟಿಗಳ ಚೆಕ್‌ಸಮ್ (ಫೈಲ್ ಬದಲಾದರೆ ತಾನೂ ಬದಲಾಗುವ ಗುರುತು ಸಂಖ್ಯೆ), ಆ ಪಟ್ಟಿಗಳೊಳಗೆ ಪ್ರತಿ ಪ್ಯಾಕೇಜಿನ ಎಸ್‌ಎಚ್‌ಎ256 ಚೆಕ್‌ಸಮ್. ಸಹಿಯನ್ನು ಪರೀಕ್ಷಿಸುವ ಕೀಲಿ ಅವಳ ಯಂತ್ರದಲ್ಲೇ ಇದೆ, ಸಹಿ ಹಾಕುವ ಕೀಲಿ ನನ್ನ ಬಳಿ ಇಲ್ಲ. ಅವಳೆದುರೇ ಒಂದು ಪ್ಯಾಕೇಜಿನ ಒಂದೇ ಒಂದು ಬೈಟ್ ಬದಲಿಸಿ, ಇನ್‌ಸ್ಟಾಲ್ ಮಾಡು ಎಂದೆ. 'ಹ್ಯಾಶ್ ಸಮ್ ಮಿಸ್‌ಮ್ಯಾಚ್' (ಚೆಕ್‌ಸಮ್ ಹೊಂದುತ್ತಿಲ್ಲ) ಎಂದು ಆಪ್ಟ್ ತಿರಸ್ಕರಿಸಿತು. ಆಮೇಲೆ ಮೂಲ ಫೈಲನ್ನು ಮರಳಿ ಇಟ್ಟೆವು. ನನ್ನನ್ನು ನಂಬಬೇಕಾಗಿಲ್ಲ ಎಂದು ನಾನೇ ಅವಳಿಗೆ ತೋರಿಸಿಕೊಡಬಹುದಾದದ್ದು ನನಗೆ ಬಹಳ ದೊಡ್ಡ ಸಂಗತಿ.

ಆದರೆ ಸಹಿ ಎಲ್ಲವನ್ನೂ ಕಾಯುವುದಿಲ್ಲ. ಸಿಂಕ್ ನಿಂತುಹೋದ ಮಿರರ್ ಹಳೆಯ ಪಟ್ಟಿಯನ್ನೇ ಕೊಡುತ್ತಿರುತ್ತದೆ, ಅದರ ಮೇಲಿನ ಸಹಿಯೂ ಸರಿಯಾಗಿಯೇ ಇರುತ್ತದೆ. ಅದಕ್ಕೇ ಭದ್ರತಾ ಅಪ್‌ಡೇಟುಗಳಿಗೆ ನಾನು ಮಿರರ್ ಇಟ್ಟಿಲ್ಲ. ಅವು ಡೆಬಿಯನ್‌ನ ಸೆಕ್ಯುರಿಟಿ ಸರ್ವರಿನಿಂದಲೇ ಬರಲಿ. ಉಳಿದದ್ದಕ್ಕೆ, ಬೆಳಿಗ್ಗೆ ಲ್ಯಾಬ್ ತೆರೆದೊಡನೆ 'ಟ್ರೇಸ್' ಫೋಲ್ಡರಿನಲ್ಲಿ ಕೊನೆಯ ಸಿಂಕ್‌ನ ದಿನಾಂಕ ನೋಡುತ್ತೇನೆ.

ಬೀದರ್, ಯಾದಗಿರಿ ಕಡೆಯ ಕಾಲೇಜಿನವರು ಮಿರರ್ ಇಡುವುದಾದರೆ ನನ್ನ ಕಾನ್ಫಿಗ್ ಫೈಲ್ ಕೊಡುತ್ತೇನೆ. ಡಿಸ್ಕಿನಲ್ಲಿ ಜಾಗ ಕಡಿಮೆಯಿದ್ದರೆ ಮಿರರ್ ಬದಲು ಆಪ್ಟ್-ಕ್ಯಾಷರ್-ಎನ್‌ಜಿ ಎಂಬ ತಂತ್ರಾಂಶ ಹಾಕಿಕೊಳ್ಳಿ. ಯಾರಾದರೂ ಕೇಳಿದ ಪ್ಯಾಕೇಜನ್ನಷ್ಟೇ ಅದು ತಂದಿಟ್ಟುಕೊಳ್ಳುತ್ತದೆ, ಹಳೆಯ ಡೆಸ್ಕ್‌ಟಾಪ್ ಒಂದಿದ್ದರೂ ನಡೆಯುತ್ತದೆ.